ಚಾರ್ಜ್: ಗಾಡಿಯಿಂದ ಇಳಿದು ಬಂದ ಪದ

ಪ್ರಶ್ನೆ: ಇಂಗ್ಲಿಷ್‌ನಿಂದ ಕನ್ನಡಕ್ಕೆ ಅನುವಾದ ಮಾಡೋದನ್ನು ಈಗಷ್ಟೇ ಶುರು ಮಾಡಿದ್ದೇನೆ. ‘ಚಾರ್ಜ್’ ಅನ್ನುವ ನಾಮಪದ ಬಂದಾಗಲೆಲ್ಲ ಕೈ ನಿಂತುಹೋಗುತ್ತದೆ. ನಿಘಂಟಿನಲ್ಲಿ ಶುಲ್ಕ, ಆರೋಪ, ಹೊಣೆ, ದಾಳಿ, ವಿದ್ಯುದಾವೇಶ ಅಂತ ಉದ್ದದ ಪಟ್ಟಿ ಇದೆ. ಇವುಗಳ ನಡುವೆ ಏನಾದರೂ ಸಂಬಂಧ ಇದೆಯಾ, ಇಲ್ಲ ಸುಮ್ನೆ ಬಾಯಿಪಾಠ ಮಾಡಬೇಕಾ? ಫೀ, ಫೇರ್, ಕಾಸ್ಟ್, ಅಲಿಗೇಶನ್ ಇವನ್ನೆಲ್ಲ ಇದರ ಸಮಾನಾರ್ಥಕ ಅಂತ ಕೊಟ್ಟಿದ್ದಾರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಬಹುದಾ? ಸದ್ಯಕ್ಕೆ ಈ ವಾಕ್ಯದ ಮುಂದೆ ಕೂತಿದ್ದೇನೆ: ‘ದಿ ನರ್ಸ್ ಲೆಫ್ಟ್ ಹರ್ ಚಾರ್ಜಸ್ ಇನ್ ದಿ ಚಾರ್ಜ್ ಆಫ್ ಎ ನೇಬರ್, ಫ್ರೀ ಆಫ್ ಚಾರ್ಜ್.’

ಉತ್ತರ: ನಿಮ್ಮ ವಾಕ್ಯಕ್ಕೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೂ ಮುಂಚೆ ನಾವೆಲ್ಲ ದಿನಾ ಆಡುವ ಎರಡೇ ಪದದ ಒಂದು ಮಾತು ನೋಡೋಣ: ‘ಚಾರ್ಜ್ ಇಲ್ಲ.’

ಮೊಬೈಲ್ ಹಿಡಿದವರು ಹೀಗಂದರೆ ಬ್ಯಾಟರಿ ಮುಗಿದಿದೆ ಅಂತ. ಕೌಂಟರ್ ಹಿಂದೆ ಕೂತವರು ಹೀಗಂದರೆ ದುಡ್ಡು ಕೊಡಬೇಕಾಗಿಲ್ಲ ಅಂತ. ವಕೀಲರು ಅಂದರೆ ಆರೋಪ ಇಲ್ಲ ಅಂತ. ಆಫೀಸಿನಲ್ಲಿ ‘ಅವರ ಕೈಲಿ ಈಗ ಚಾರ್ಜ್ ಇಲ್ಲ’ ಅಂದರೆ ಅಧಿಕಾರ ಬೇರೆಯವರಿಗೆ ಹೋಗಿದೆ ಅಂತ. ಫಿಸಿಕ್ಸ್ ಮೇಷ್ಟ್ರು ನ್ಯೂಟ್ರಾನ್ ಬಗ್ಗೆ ಇದೇ ಮಾತು ಹೇಳುತ್ತಾರೆ. ಐದು ಜನ, ಐದು ಅರ್ಥ, ಯಾರಿಗೂ ಗೊಂದಲ ಇಲ್ಲ. ಅಂದಮೇಲೆ ಈ ಪದ ನಿಮಗೆ ಆಗಲೇ ಗೊತ್ತು. ಕನ್ನಡದಲ್ಲಿ ಬರೆಯಲು ಕೂತಾಗ ಈ ಐದೂ ಕಡೆಗೆ ಸಲ್ಲುವ ಒಂದೇ ಪದ ಸಿಗುತ್ತಿಲ್ಲ, ಅಷ್ಟೇ. ಅದು ಸಿಗುವುದೂ ಇಲ್ಲ. ಹುಡುಕುವುದನ್ನು ಬಿಟ್ಟರೆ ಅರ್ಧ ಕಷ್ಟ ಕಳೆಯಿತು.

ಸಂಬಂಧದ ವಿಷಯಕ್ಕೆ ಬರೋಣ. ಲ್ಯಾಟಿನ್‌ನಲ್ಲಿ ‘ಕರ್ರುಸ್’ ಅಂದರೆ ಗಾಡಿ. ರೋಮನ್ನರಿಗೆ ಈ ಪದ ಸಿಕ್ಕಿದ್ದು ಪಕ್ಕದ ಗಾಲ್ ನಾಡಿನ ಕೆಲ್ಟಿಕ್ ಭಾಷೆಯಿಂದ. ಅದರಿಂದ ಮುಂದೆ ‘ಕರ್ರಿಕಾರೆ’ ಹುಟ್ಟಿತು, ಗಾಡಿಗೆ ಹೇರು ಅಂತ. ಅದು ಹಳೆಯ ಫ್ರೆಂಚ್‌ನಲ್ಲಿ ಸವೆದು ಸವೆದು, 13ನೇ ಶತಮಾನದ ಹೊತ್ತಿಗೆ ‘ಚಾರ್ಜ್’ ಆಗಿ ಇಂಗ್ಲಿಷ್‌ನೊಳಗೆ ಬಂತು. ಆಗ ಅದರ ಅರ್ಥ ಒಂದೇ: ಹೊರೆ. ಅದೇ ಗಾಡಿಯ ಮನೆತನದಲ್ಲಿ ಕಾರ್ ಇದೆ, ಕ್ಯಾರಿ ಇದೆ, ಹಡಗಿನ ಕಾರ್ಗೋ ಇದೆ. ವ್ಯಂಗ್ಯಚಿತ್ರದ ಕ್ಯಾರಿಕೇಚರ್ ಕೂಡ ಇದೆ. ಇಟಾಲಿಯನ್‌ನಲ್ಲಿ ಅದು ‘ಜಾಸ್ತಿ ಹೇರಿದ ಚಿತ್ರ’. ಮೂಗು ಸ್ವಲ್ಪ ಉದ್ದ ಇದ್ದವರಿಗೆ ಇನ್ನೂ ನಾಲ್ಕು ಅಂಗುಲ ಹೇರೋದು ತಾನೇ ಆ ಕಲೆ!

ಹೊರೆ ಅನ್ನೋದನ್ನು ಕೈಯಲ್ಲಿ ಹಿಡಿದುಕೊಂಡು ನಿಮ್ಮ ನಿಘಂಟಿನ ಪಟ್ಟಿಯನ್ನು ಇನ್ನೊಮ್ಮೆ ಓದಿ. ದುಡ್ಡಿನ ಹೊರೆ ಹೇರಿದರೆ ಶುಲ್ಕ. ತಪ್ಪಿನ ಹೊರೆ ಹೇರಿದರೆ ಆರೋಪ. ಕೆಲಸದ ಹೊರೆ ಹೇರಿದರೆ ಹೊಣೆ. ಬಂದೂಕಿನೊಳಗೆ ಮದ್ದು ತುಂಬಿದರೆ ಅದೂ ಚಾರ್ಜ್. ಗಾಜಿನ ಪಾತ್ರೆಯೊಳಗೆ ವಿದ್ಯುತ್ ತುಂಬಿದರೆ ಅದೂ ಚಾರ್ಜ್. ದಾಳಿ ಒಂದು ಸ್ವಲ್ಪ ದೂರದ ನೆಂಟ. ಮೈಭಾರವನ್ನೆಲ್ಲ ಎದುರಿನವನ ಮೇಲೆ ಹಾಕಿ ನುಗ್ಗೋದು ಅಂತ ಇಟ್ಟುಕೊಂಡರೆ ನೆನಪಿನಲ್ಲಿ ಉಳಿಯುತ್ತದೆ.

ನನಗೆ ಇದರಲ್ಲಿ ಬಹಳ ಇಷ್ಟವಾಗೋದು ಬೇರೆ ಸಂಗತಿ. ಗಾಡಿ, ಹೊರೆ, ಹೇರೋದು, ಇವೆಲ್ಲ ಇಂಗ್ಲಿಷ್‌ನವರ ಸ್ವತ್ತು ಅಂದುಕೊಳ್ಳಬೇಡಿ. ಕನ್ನಡದಲ್ಲಿ ಆರೋಪವನ್ನು ಏನು ಮಾಡುತ್ತೇವೆ? ಹೊರಿಸುತ್ತೇವೆ. ಜವಾಬ್ದಾರಿಯನ್ನು? ಹೊರಿಸುತ್ತೇವೆ, ಇಲ್ಲವೇ ಹೊರುತ್ತೇವೆ. ತೆರಿಗೆ ಏನಾಗುತ್ತದೆ? ಹೊರೆಯಾಗುತ್ತದೆ. ಸಂಸ್ಕೃತದಿಂದ ಬಂದ ‘ಆರೋಪ’ದ ಮೂಲ ಅರ್ಥವೇ ಮೇಲೆ ಏರಿಸುವುದು. ಬೆಟ್ಟ ಹತ್ತುವ ‘ಆರೋಹಣ’ದ ಧಾತುವೇ ಅದರದ್ದೂ. ಸರ್ಕಾರಿ ಕಾಗದಗಳಲ್ಲಿ ‘ಪ್ರಭಾರ’ ಅಂತ ಬರೆಯುತ್ತಾರಲ್ಲ, ‘ಇನ್‌ಚಾರ್ಜ್’ ಅನ್ನೋದಕ್ಕೆ? ಅದರೊಳಗೆ ‘ಭಾರ’ ಕೂತಿದೆ. ರಾಜ್ಯಭಾರದಲ್ಲೂ ಅದೇ ಭಾರ. ಕೊನೆಗೆ ‘ಅಧಿಕಾರ ವಹಿಸಿಕೊಂಡರು’ ಅನ್ನುವ ಮಾತು ನೋಡಿ. ‘ವಹಿಸು’ ಪದದ ಹಿಂದೆ ಇರೋದು ‘ವಹ್’ ಧಾತು, ಹೊತ್ತೊಯ್ಯು ಅಂತ. ‘ವಾಹನ’ವೂ ಅಲ್ಲಿಂದಲೇ ಬಂದದ್ದು. ಅಂದರೆ ಇಂಗ್ಲಿಷ್‌ನವರು ಚಾರ್ಜ್ ತಗೊಂಡರೂ ನಾವು ಅಧಿಕಾರ ವಹಿಸಿಕೊಂಡರೂ ಇಬ್ಬರ ಮಾತಿನಡಿಯಲ್ಲೂ ಒಂದು ಗಾಡಿ ಕಿರ್‌ಗುಟ್ಟುತ್ತಿದೆ.

ಹೀಗಾಗಿ ಅನುವಾದಕ್ಕೆ ಕೂತಾಗ ನಾನು ಮೊದಲು ಕೇಳಿಕೊಳ್ಳೋದು ಇಷ್ಟೇ: ಇಲ್ಲಿ ಯಾರು ಯಾರ ಮೇಲೆ ಏನನ್ನು ಹೇರುತ್ತಿದ್ದಾರೆ? ‘ಏನನ್ನು’ ಅನ್ನೋದಕ್ಕೆ ಉತ್ತರ ಸಿಕ್ಕರೆ ಕನ್ನಡ ಪದ ತಾನಾಗಿ ಬರುತ್ತದೆ.

ಈಗ ದುಡ್ಡಿನ ಅರ್ಥ. ಜನ ಅತಿ ಹೆಚ್ಚು ಎಡವೋದು ಇಲ್ಲೇ. ಚಾರ್ಜ್, ಫೀ, ಫೇರ್, ಪ್ರೈಸ್, ಕಾಸ್ಟ್, ರೇಟ್, ಟೋಲ್, ಟ್ಯಾರಿಫ್, ಫೈನ್. ಸಮಾನಾರ್ಥಕ ಪದಕೋಶ ಇವನ್ನೆಲ್ಲ ಒಂದೇ ಗುಂಪಿಗೆ ಹಾಕುತ್ತದೆ. ಆ ಬಗೆಯ ಕೋಶಕ್ಕೆ ಹೆಸರು ತಂದುಕೊಟ್ಟ ಪೀಟರ್ ಮಾರ್ಕ್ ರೋಜೆ ವೃತ್ತಿಯಲ್ಲಿ ವೈದ್ಯ. 1852ರಲ್ಲಿ ಅವರು ಹೊರತಂದ ಕೋಶದಲ್ಲಿ ಪದಗಳನ್ನು ಅಕ್ಷರದ ಕ್ರಮದಲ್ಲಿ ಜೋಡಿಸಿರಲಿಲ್ಲ, ವಿಚಾರಗಳ ಪ್ರಕಾರ ಗುಂಪು ಮಾಡಿದ್ದರು. ಒಂದೇ ವಿಚಾರದ ಸುತ್ತ ಇರುವ ಪದಗಳೆಲ್ಲ ಒಂದು ಕಡೆ ಸಿಗಲಿ ಅನ್ನೋದು ಅವರ ಉದ್ದೇಶ. ಅವನ್ನು ಅದಲುಬದಲು ಮಾಡಿ ಅಂತ ಅಲ್ಲ. ನಾವು ಮಾತ್ರ ಅದಲುಬದಲು ಮಾಡುತ್ತಲೇ ಇರುತ್ತೇವೆ.

ಚಾರ್ಜ್ ಅಂದರೆ ಒಂದು ಸೇವೆಗೋ ಬಳಕೆಗೋ ಕೇಳುವ ಹಣ. ಎಷ್ಟೋ ಸಲ ಮುಖ್ಯ ಮೊತ್ತದ ಮೇಲೆ ಸೇರಿಸಿದ್ದು. ಡೆಲಿವರಿ ಚಾರ್ಜ್, ಸರ್ವಿಸ್ ಚಾರ್ಜ್, ಬ್ಯಾಂಕ್ ಚಾರ್ಜಸ್. ಎಲ್ಲದರಲ್ಲೂ ‘ಮೇಲೆ ಹೇರಿದ್ದು’ ಅನ್ನುವ ವಾಸನೆ ಇದೆ ಅಲ್ವಾ? ಬಿಲ್ಲಿನ ಕೆಳಗಡೆ ಸಣ್ಣ ಅಕ್ಷರದಲ್ಲಿ ಇರೋದು ಇವೇ. ಕನ್ನಡದಲ್ಲಿ ‘ಶುಲ್ಕ’ ಸರಿಹೋಗುತ್ತದೆ. ಡೆಲಿವರಿಗೆ ‘ಸಾಗಣೆ ವೆಚ್ಚ’ ಅಂತಲೂ ಬರೆಯಬಹುದು.

ಫೀ ಅಂದರೆ ಓದು-ಕಲಿತ ವೃತ್ತಿಯವರಿಗೆ ಕೊಡೋದು, ಇಲ್ಲವೇ ಒಂದು ಅವಕಾಶ ಸಿಗಲಿ ಅಂತ ಕಟ್ಟೋದು. ವೈದ್ಯರ ಫೀ, ವಕೀಲರ ಫೀ, ಪರೀಕ್ಷೆ ಫೀ, ಪ್ರವೇಶದ ಫೀ. ಕನ್ನಡದಲ್ಲಿ ಇದಕ್ಕೂ ‘ಶುಲ್ಕ’ವೇ ಬರೋದರಿಂದ ನಮಗೆ ವ್ಯತ್ಯಾಸ ಕಾಣಿಸುವುದಿಲ್ಲ. ಕನ್ನಡದಿಂದ ಇಂಗ್ಲಿಷ್‌ಗೆ ಹೋಗುವಾಗ ಮಾತ್ರ ಹುಷಾರಾಗಿರಬೇಕು. ‘ಪರೀಕ್ಷಾ ಶುಲ್ಕ’ವನ್ನು ‘ಎಗ್ಸಾಮ್ ಚಾರ್ಜ್’ ಅಂದರೆ ಅರ್ಥ ಆಗುತ್ತದೆ, ಆದರೆ ಕಿವಿಗೆ ಚುಚ್ಚುತ್ತದೆ.

ಫೇರ್ ಅಂದರೆ ಪ್ರಯಾಣಿಕರು ಕೊಡೋದು ಮಾತ್ರ. ಹಳೆಯ ಇಂಗ್ಲಿಷ್‌ನಲ್ಲಿ ‘ಫಾರನ್’ ಅಂದರೆ ಪ್ರಯಾಣ ಮಾಡು. ಬೀಳ್ಕೊಡುಗೆಯಲ್ಲಿ ‘ಫೇರ್‌ವೆಲ್’ ಅಂತೀವಲ್ಲ, ಅದು ‘ಸುಖವಾಗಿ ಹೋಗಿ ಬನ್ನಿ’ ಅಂತ. ನಾವು ಕನ್ನಡದಲ್ಲಿ ‘ಬಸ್ ಚಾರ್ಜ್’ ಅನ್ನೋದು ಸರಿಯೇ, ಅದು ಈಗ ಕನ್ನಡದ ಪದ. ಅದನ್ನೇ ಇಂಗ್ಲಿಷ್ ಬರವಣಿಗೆಯೊಳಗೆ ಒಯ್ದರೆ ಓದುವವರು ಒಂದು ಕ್ಷಣ ಬಸ್ಸಿನ ಬ್ಯಾಟರಿ ಬಗ್ಗೆ ಯೋಚಿಸಬಹುದು. ಎಲೆಕ್ಟ್ರಿಕ್ ಬಸ್ ಬಂದಮೇಲೆ ಇದು ಬರೀ ತಮಾಷೆಯಾಗಿ ಉಳಿದಿಲ್ಲ. ಇಂಗ್ಲಿಷ್‌ನಲ್ಲಿ ‘ಬಸ್ ಫೇರ್’ ಅನ್ನಿ, ಕನ್ನಡದಲ್ಲಿ ‘ಪ್ರಯಾಣ ದರ’ ಅನ್ನಿ. ಸಂಭಾಷಣೆ ಬರೆಯುತ್ತಿದ್ದರೆ ‘ಬಸ್ ಚಾರ್ಜ್’ ಅಂತಲೇ ಇರಲಿ, ಯಾರೂ ಮನೆಯಲ್ಲಿ ‘ಪ್ರಯಾಣ ದರ ಎಷ್ಟಾಯಿತು’ ಅಂತ ಕೇಳುವುದಿಲ್ಲ.

ಪ್ರೈಸ್ ಮತ್ತು ಕಾಸ್ಟ್ ಜೋಡಿ ಇನ್ನೊಂದು ತಲೆನೋವು. ಪ್ರೈಸ್ ಮಾರುವವರು ಹೇಳೋದು: ಬೆಲೆ. ಕಾಸ್ಟ್ ಖರ್ಚು ಮಾಡುವವರಿಗೆ ತಗುಲೋದು: ವೆಚ್ಚ. ಒಂದು ಕುರ್ಚಿ ಮಾಡೋದಕ್ಕೆ ಬಡಗಿಗೆ ತಗುಲಿದ್ದು ಕಾಸ್ಟ್, ಅದರ ಮೇಲೆ ಚೀಟಿ ಅಂಟಿಸಿ ಬರೆದದ್ದು ಪ್ರೈಸ್, ಅದನ್ನು ಮನೆಗೆ ತಂದುಕೊಡಲು ಕೇಳಿದ್ದು ಚಾರ್ಜ್. ಕುರ್ಚಿ ಒಂದೇ, ಪದ ಮೂರು. ಇವುಗಳ ಜಾಗ ಬದಲಾಯಿಸಿದರೆ ಲೆಕ್ಕವೇ ತಪ್ಪುತ್ತದೆ.

ಉಳಿದವು ಸುಲಭ. ರೇಟ್ ಅಂದರೆ ಒಂದು ಅಳತೆಗೆ ಇಷ್ಟು ಅನ್ನುವ ದರ. ಟೋಲ್ ರಸ್ತೆಗೋ ಸೇತುವೆಗೋ ಕೊಡುವ ಸುಂಕ. ಟ್ಯಾರಿಫ್ ದರಪಟ್ಟಿ, ದೇಶಗಳ ವ್ಯಾಪಾರದ ಮಾತು ಬಂದರೆ ಆಮದು ಸುಂಕ. ಫೈನ್ ದಂಡ, ತಪ್ಪು ಮಾಡದೆ ಅದು ಬರುವುದಿಲ್ಲ. ‘ಫ್ರೀ ಆಫ್ ಚಾರ್ಜ್’ಗೆ ‘ಶುಲ್ಕರಹಿತ’ ಅಂತ ಬರೆದವರನ್ನು ನೋಡಿದ್ದೇನೆ. ‘ಉಚಿತ’ ಇರುವಾಗ ಅಷ್ಟು ಕಷ್ಟ ಯಾಕೆ? ಮಾತಿನಲ್ಲಾದರೆ ‘ಬಿಟ್ಟಿ’, ‘ಪುಕ್ಕಟೆ’. ಆದರೆ ಇವೆರಡರಲ್ಲೂ ಸಣ್ಣ ಹೀಯಾಳಿಕೆ ಇದೆ, ನೋಡಿ ಬಳಸಿ.

ತಪ್ಪಿನ ಹೊರೆಗೆ ಬರೋಣ. ಇಲ್ಲಿ ಪದಗಳ ನಡುವಿನ ವ್ಯತ್ಯಾಸಕ್ಕೆ ತೂಕ ಜಾಸ್ತಿ, ಒಬ್ಬರ ಮಾನದ ಪ್ರಶ್ನೆ ಇದೆ. ಅಲಿಗೇಶನ್ ಅಂದರೆ ಯಾರೋ ಹೀಗಾಗಿದೆ ಅಂತ ಹೇಳಿದ್ದಾರೆ, ಪುರಾವೆ ಇನ್ನೂ ಮುಂದೆ ಬಂದಿಲ್ಲ. ಅಕ್ಯೂಸೇಶನ್‌ನಲ್ಲಿ ಬೆರಳು ಒಬ್ಬ ವ್ಯಕ್ತಿಯ ಕಡೆಗೆ ತಿರುಗಿದೆ. ಚಾರ್ಜ್‌ನಲ್ಲಿ ಆ ಬೆರಳು ಅಧಿಕಾರ ಇರುವವರದ್ದು, ಕಾಗದದ ಮೇಲೆ ಬಂದದ್ದು. ಪಕ್ಕದ ಮನೆಯವರು ನಿಮ್ಮನ್ನು ಅಕ್ಯೂಸ್ ಮಾಡಬಹುದು, ಕಾನೂನಿನ ಅರ್ಥದಲ್ಲಿ ಚಾರ್ಜ್ ಮಾಡಲು ಅವರಿಂದ ಆಗುವುದಿಲ್ಲ. ಕಾನೂನಿನ ಆಚೆ, ಟೀಕೆಯ ಅರ್ಥದಲ್ಲಿ, ಯಾರು ಬೇಕಾದರೂ ಯಾರ ಮೇಲೆ ಬೇಕಾದರೂ ‘ಚಾರ್ಜ್’ ತರಬಹುದು ಅನ್ನೋದೂ ನೆನಪಿರಲಿ. ‘ಈ ಲೇಖಕರ ಮೇಲೆ ಪಕ್ಷಪಾತದ ಚಾರ್ಜ್ ಇದೆ’ ಅಂದರೆ ಕೋರ್ಟಿನ ಮಾತೇ ಅಲ್ಲ.

ಕನ್ನಡದಲ್ಲಿ ನಾನು ಅಲಿಗೇಶನ್‌ಗೆ ‘ಆಪಾದನೆ’, ಚಾರ್ಜ್‌ಗೆ ‘ಆರೋಪ’ ಅಂತ ಇಟ್ಟುಕೊಳ್ಳುತ್ತೇನೆ. ಪತ್ರಿಕೆಗಳು ಎರಡನ್ನೂ ಕಲಸಿಬಿಟ್ಟಿವೆ, ಹಾಗಾಗಿ ಇದನ್ನು ನಿಯಮ ಅಂತ ಹೇಳಲಾರೆ, ಅಭ್ಯಾಸ ಅಂತ ಹೇಳುತ್ತೇನೆ. ಚಾರ್ಜ್‌ಶೀಟ್ ‘ಆರೋಪಪಟ್ಟಿ’ ಅಥವಾ ‘ದೋಷಾರೋಪ ಪಟ್ಟಿ’. ಆಡುಮಾತಿನಲ್ಲಿ ಚಾರ್ಜ್‌ಶೀಟೇ. ಇಂಗ್ಲಿಷ್‌ನಲ್ಲಿ ಬರೆಯುವಾಗ ಇನ್ನೊಂದು ಸಣ್ಣ ಎಚ್ಚರ: ಅಕ್ಯೂಸ್ ಜೊತೆ ‘ಆಫ್’ ಬರುತ್ತದೆ, ಚಾರ್ಜ್ ಕ್ರಿಯಾಪದವಾದಾಗ ‘ವಿತ್’. ಕಳ್ಳತನದ ಮಾತಾದರೆ ‘ಅಕ್ಯೂಸ್ಡ್ ಆಫ್ ಥೆಫ್ಟ್’, ‘ಚಾರ್ಜ್ಡ್ ವಿತ್ ಥೆಫ್ಟ್’. ನಾಮಪದವಾದಾಗ ಮತ್ತೆ ತಿರುಗಿ ‘ಆನ್ ಎ ಚಾರ್ಜ್ ಆಫ್ ಥೆಫ್ಟ್’. ಇದಕ್ಕೆ ಕಾರಣ ಹುಡುಕಬೇಡಿ, ಬಾಯಿಗೆ ರೂಢಿ ಮಾಡಿಕೊಳ್ಳಿ.

ಮೂರನೆಯದು ಕೆಲಸದ ಹೊರೆ. ಇದರಲ್ಲಿ ಒಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಅನುವಾದ ಶುರು ಮಾಡಿದ ಹೊಸತರಲ್ಲಿ ಒಂದು ಕತೆಯಲ್ಲಿ ದಾದಿಯೊಬ್ಬಳು ‘ಹರ್ ಟೂ ಯಂಗ್ ಚಾರ್ಜಸ್’ ಜೊತೆ ಉದ್ಯಾನಕ್ಕೆ ಹೋಗುತ್ತಾಳೆ. ಚಾರ್ಜ್ ಅಂದರೆ ಹೊಣೆ ಅಂತ ನನಗೆ ಗೊತ್ತಿತ್ತು. ‘ತನ್ನ ಎರಡು ಎಳೆಯ ಹೊಣೆಗಳೊಂದಿಗೆ’ ಅಂತ ಬರೆದೆ. ಬರೆದಾಗ ಏನೋ ಕಾವ್ಯಮಯವಾಗಿದೆ ಅಂತಲೂ ಅನ್ನಿಸಿತ್ತು! ಮುಂದಿನ ಸಾಲಿನಲ್ಲಿ ಒಂದು ಹೊಣೆ ಎಡವಿ ಬಿದ್ದು ಮಂಡಿ ತರಚಿಕೊಂಡಿತು. ಆಗ ಗೊತ್ತಾಯಿತು. ಇಲ್ಲಿ ಚಾರ್ಜ್ ಅಂದರೆ ಹೊಣೆಯಲ್ಲ, ಯಾರ ಹೊಣೆ ಹೊತ್ತಿದ್ದಾಳೋ ಆ ಮಕ್ಕಳು. ಹೊರೆ ಅನ್ನುವ ಪದ ಹೊರೆಯಾದ ಮನುಷ್ಯರಿಗೇ ಹೆಸರಾಗಿಬಿಟ್ಟಿದೆ. ಇದಕ್ಕೆ ಕನ್ನಡದಲ್ಲಿ ಒಂದೇ ಪದ ಇಲ್ಲ, ಬೇಕಾಗಿಯೂ ಇಲ್ಲ. ‘ತಾನು ನೋಡಿಕೊಳ್ಳುತ್ತಿದ್ದ ಇಬ್ಬರು ಮಕ್ಕಳು’ ಅಂದರೆ ಮುಗಿಯಿತು. ‘ವಾರ್ಡ್’ ಇದರ ಹತ್ತಿರದ ಪದ, ಆದರೆ ಅದು ಕಾನೂನಿನ ಮಾತು. ಗಾರ್ಡಿಯನ್ ಅಂದರೆ ಪಾಲಕರ ವಶದಲ್ಲಿ ಕಾನೂನುಬದ್ಧವಾಗಿ ಇರುವ ಮಗು ಅಂತ.

ಎರಡನೆಯ ಗುಂಡಿ ಒಂದು ಪುಟ್ಟ ‘ದಿ’. ‘ಇನ್ ಚಾರ್ಜ್ ಆಫ್’ ಅಂದರೆ ನೋಡಿಕೊಳ್ಳುವವರು. ‘ಇನ್ ದಿ ಚಾರ್ಜ್ ಆಫ್’ ಅಂದರೆ ಬೇರೆಯವರು ನೋಡಿಕೊಳ್ಳುತ್ತಿರುವವರು. ಮಗು ನರ್ಸ್‌ನ ‘ಇನ್ ದಿ ಚಾರ್ಜ್’ನಲ್ಲಿ ಇದ್ದರೆ ಸರಿ. ‘ದಿ’ ಬಿಟ್ಟು ಬರೆದರೆ ಮಗುವೇ ನರ್ಸನ್ನು ನೋಡಿಕೊಂಡ ಹಾಗಾಯಿತು. ಕೆಲವು ಮನೆಗಳಲ್ಲಿ ನಡೆಯೋದೂ ಅದೇ ಅನ್ನಿ, ಆದರೆ ವಾಕ್ಯ ಹೇಳುತ್ತಿರೋದು ಅದನ್ನಲ್ಲ. ಕನ್ನಡದಲ್ಲಿ ಈ ತೊಂದರೆಯೇ ಇಲ್ಲ. ನಮ್ಮ ವಿಭಕ್ತಿಗಳು ಯಾರು ಯಾರ ಕೈಯಲ್ಲಿ ಇದ್ದಾರೆ ಅನ್ನೋದನ್ನು ಸ್ಪಷ್ಟವಾಗಿ ಹೇಳಿಬಿಡುತ್ತವೆ: ‘ಮಗುವನ್ನು ದಾದಿಯ ವಶಕ್ಕೆ ಕೊಟ್ಟರು’, ‘ಮಗುವಿನ ಜವಾಬ್ದಾರಿ ದಾದಿಯದು’.

ವಶ, ಸುಪರ್ದಿ, ಉಸ್ತುವಾರಿ, ಪ್ರಭಾರ, ಜವಾಬ್ದಾರಿ. ಇವುಗಳನ್ನು ಆರಿಸೋದರಲ್ಲೇ ಅನುವಾದದ ರುಚಿ ಇದೆ. ವಸ್ತುವನ್ನೋ ಆಳನ್ನೋ ಒಪ್ಪಿಸಿದರೆ ಸುಪರ್ದಿ. ಕೆಲಸ ಸರಿಯಾಗಿ ನಡೆಯುತ್ತಿದೆಯಾ ಅಂತ ಮೇಲೆ ನಿಂತು ನೋಡೋದು ಉಸ್ತುವಾರಿ. ಖಾಲಿ ಬಿದ್ದ ಹುದ್ದೆಯನ್ನು ತಾತ್ಕಾಲಿಕವಾಗಿ ನೋಡಿಕೊಂಡರೆ ಪ್ರಭಾರ. ರಾಯಭಾರಿ ಇಲ್ಲದಾಗ ಅವರ ಕಚೇರಿ ನಡೆಸುವ ಅಧಿಕಾರಿಗೆ ‘ಶಾರ್ಜೆ ದಫೇರ್’ ಅಂತ ಫ್ರೆಂಚ್ ಹೆಸರಿದೆ, ‘ಕೆಲಸಗಳ ಹೊರೆ ಹೊತ್ತವರು’ ಅಂತ ಅರ್ಥ. ಕನ್ನಡದಲ್ಲಿ ‘ಪ್ರಭಾರಿ ರಾಯಭಾರಿ’ ಅಂದರೆ ಚೆನ್ನಾಗಿ ಒಪ್ಪುತ್ತದೆ.

ದಾಳಿಯ ಚಾರ್ಜ್ ಬಗ್ಗೆ ಹೇಳಬೇಕಾದದ್ದು ಒಂದೇ: ಅದರಲ್ಲಿ ಓಟ ಇರಬೇಕು. ಅಟ್ಯಾಕ್ ಕೂತಲ್ಲಿಂದಲೂ ಆಗುತ್ತದೆ, ಮಾತಿನಿಂದಲೂ ಆಗುತ್ತದೆ. ರೇಡ್ ಅಂದರೆ ಹಠಾತ್ತಾಗಿ ಹೋಗಿ, ಕೆಲಸ ಮುಗಿಸಿ ಬರೋದು. ಚಾರ್ಜ್ ಅಂದರೆ ಎದುರಿನವರ ಕಡೆಗೆ ನೇರವಾಗಿ, ಜೋರಾಗಿ, ಓಡಿಕೊಂಡೇ ನುಗ್ಗೋದು. ಕುದುರೆ ಸವಾರರು ಮಾಡುತ್ತಿದ್ದದ್ದು ಅದು, ಗೂಳಿ ಮಾಡೋದು ಅದು. ಕಾಡಿನವರು ‘ಮಾಕ್ ಚಾರ್ಜ್’ ಅಂತ ಒಂದು ಮಾತು ಹೇಳುತ್ತಾರೆ. ಆನೆ ಕಿವಿ ಅಗಲಿಸಿ, ಧೂಳೆಬ್ಬಿಸಿಕೊಂಡು ಓಡಿ ಬರುತ್ತದೆ, ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ನಿಂತುಬಿಡುತ್ತದೆ. ಹೆದರಿಸೋದಷ್ಟೇ ಅದರ ಉದ್ದೇಶ. ಇದಕ್ಕೆ ‘ಹುಸಿ ದಾಳಿ’ ಅಂತ ಬರೆದರೆ ಅರ್ಥ ಬರುತ್ತದೆ, ಓಟ ತಪ್ಪಿಹೋಗುತ್ತದೆ. ‘ಹೆದರಿಸಲು ನುಗ್ಗಿ ಬಂತು’ ಅನ್ನೋದು ನನಗೆ ಇಷ್ಟ. ಸೈನ್ಯದ ಮಾತಾದರೆ ‘ಮುನ್ನುಗ್ಗಿತು’, ‘ಏರಿ ಹೋಯಿತು’. ‘ಲಗ್ಗೆ’ ಒಳ್ಳೆಯ ಪದ, ಆದರೆ ಅದಕ್ಕೆ ಎದುರಿಗೆ ಕೋಟೆಯೋ ಊರೋ ಇದ್ದರೆ ಚೆಂದ. ‘ಲಾಠಿ ಚಾರ್ಜ್’ ಪತ್ರಿಕೆಯಲ್ಲಿ ‘ಲಾಠಿ ಪ್ರಹಾರ’ವಾಗುತ್ತದೆ, ಅದರಲ್ಲೂ ‘ಲಘು ಲಾಠಿ ಪ್ರಹಾರ’. ಲಘು ಅಂತ ಅನ್ನಿಸಿದ್ದು ಯಾವ ತುದಿಯಲ್ಲಿ ಇದ್ದವರಿಗೋ!

ಚರಿತ್ರೆಯಲ್ಲಿ ಅತಿ ಹೆಸರಾದ ಚಾರ್ಜ್ ನಡೆದದ್ದು 1854ರ ಅಕ್ಟೋಬರ್ 25ರಂದು, ಕ್ರಿಮಿಯಾದ ಬಾಲಕ್ಲಾವದಲ್ಲಿ. ಬ್ರಿಟಿಷರ ಲೈಟ್ ಬ್ರಿಗೇಡ್‌ನ ಸುಮಾರು 670 ಕುದುರೆ ಸವಾರರು ರಷ್ಯನ್ ತೋಪುಗಳ ಬಾಯಿಗೇ ನುಗ್ಗಿದರು. ನೂರಕ್ಕೂ ಹೆಚ್ಚು ಜನ ಸತ್ತರು. ಪದಗಳ ಕೆಲಸ ಮಾಡುವವರಿಗೆ ಇದರಲ್ಲಿ ಮುಖ್ಯವಾದದ್ದು ಆ ಆಜ್ಞೆ. ಶತ್ರುಗಳು ತೋಪುಗಳನ್ನು ಒಯ್ಯದಂತೆ ತಡೆಯಿರಿ ಅಂತ ಮೇಲಿನಿಂದ ಬರೆದು ಕಳಿಸಿದ್ದರು. ಗುಡ್ಡದ ಮೇಲೆ ನಿಂತವರಿಗೆ ಯಾವ ತೋಪುಗಳು ಅಂತ ಕಾಣುತ್ತಿತ್ತು. ಕೆಳಗಿದ್ದವರಿಗೆ ಕಾಣುತ್ತಿರಲಿಲ್ಲ. ಅವರು ಬೇರೆ ತೋಪುಗಳ ಕಡೆಗೆ ಓಡಿದರು.

ಇಲ್ಲಿಂದ ವಿದ್ಯುತ್ತಿಗೆ ದಾರಿ ಹತ್ತಿರವೇ ಇದೆ, ಅದೂ ತೋಪಿನ ಮೂಲಕವೇ. ಬಂದೂಕಿಗೋ ತೋಪಿಗೋ ಒಂದು ಸಲಕ್ಕೆ ತುಂಬುವ ಮದ್ದಿಗೆ ‘ಚಾರ್ಜ್’ ಅನ್ನುತ್ತಿದ್ದರು. ಹಾರಿಸಿದರೆ ‘ಡಿಸ್‌ಚಾರ್ಜ್’. 1745-46ರ ಸುಮಾರಿಗೆ ಲೇಡನ್ ಜಾಡಿ ಬಂತು. ಅದು ವಿದ್ಯುತ್ತನ್ನು ತುಂಬಿಡುವ ಒಂದು ಗಾಜಿನ ಪಾತ್ರೆ. ಮುಟ್ಟಿದರೆ ಮದ್ದು ಸಿಡಿದ ಹಾಗೇ ಪಟ್ ಅಂತ ಹೊಡೆಯುತ್ತಿತ್ತು. ಬೆಂಜಮಿನ್ ಫ್ರಾಂಕ್ಲಿನ್ ಇದರ ಬಗ್ಗೆ ಬರೆದ ಪತ್ರಗಳಲ್ಲಿ ಚಾರ್ಜ್, ಡಿಸ್‌ಚಾರ್ಜ್ ಅಂತ ತೋಪಿನ ಭಾಷೆಯನ್ನೇ ಬಳಸಿದರು. 1749ರ ಪತ್ರದಲ್ಲಿ ಜಾಡಿಗಳ ಸಾಲಿಗೆ ‘ಬ್ಯಾಟರಿ’ ಅಂದರು. ಬ್ಯಾಟರಿ ಅಂದರೆ ಅಲ್ಲಿಯವರೆಗೆ ತೋಪುಗಳ ಸಾಲು. ರಾತ್ರಿ ಮಲಗುವ ಮುಂಚೆ ‘ಬ್ಯಾಟರಿ ಚಾರ್ಜಿಗೆ ಹಾಕಿದೆ’ ಅನ್ನುವಾಗ ನಾವು ಆಡುತ್ತಿರೋದು ಪೂರ್ತಿ ಯುದ್ಧಭೂಮಿಯ ಮಾತು.

ಕನ್ನಡದ ಪಠ್ಯಪುಸ್ತಕಗಳು ಇದಕ್ಕೆ ‘ಆವೇಶ’ ಅನ್ನುತ್ತವೆ. ವಿದ್ಯುದಾವೇಶ, ಧನಾವೇಶ, ಋಣಾವೇಶ. ಶಾಲೆಯಲ್ಲಿ ಮೊದಲ ಸಲ ‘ಎಲೆಕ್ಟ್ರಾನಿಗೆ ಋಣ ಆವೇಶವಿದೆ’ ಅಂತ ಓದಿದಾಗ ಮೈಮೇಲೆ ಬಂದವರು ಕುಣಿಯೋದು ನೆನಪಾಗಿ ನಕ್ಕಿದ್ದೆ. ಈಗ ಅನ್ನಿಸುತ್ತದೆ, ಪದ ಕೆಟ್ಟದ್ದೇನಲ್ಲ. ಆವೇಶ ಅಂದರೆ ಒಳಹೊಕ್ಕಿದ್ದು. ಇಂಗ್ಲಿಷ್‌ನವರಿಗೆ ಅದು ತುಂಬಿದ ಮದ್ದಿನ ಹಾಗೆ ಕಂಡಿತು, ನಮಗೆ ಒಳಹೊಕ್ಕ ಶಕ್ತಿಯ ಹಾಗೆ. ವಿಜ್ಞಾನದ ಬರಹದಲ್ಲಿ ಈ ಪದವನ್ನೇ ಬಳಸಿ. ಇಲ್ಲಿ ಮಾತ್ರ ಚಾರ್ಜ್‌ಗೆ ಸಮಾನಾರ್ಥಕವೇ ಇಲ್ಲ ಅನ್ನೋದನ್ನು ಗಮನಿಸಿ. ಕರೆಂಟ್, ವೋಲ್ಟೇಜ್, ಪವರ್ ಎಲ್ಲ ಬೇರೆ ಬೇರೆ. ಚಾರ್ಜ್ ಅಂದರೆ ಎಷ್ಟಿದೆ ಅನ್ನುವ ಮೊತ್ತ, ಅಳತೆ ಕೂಲಾಂ. ಕರೆಂಟ್ ಅಂದರೆ ಆ ಮೊತ್ತ ಸೆಕೆಂಡಿಗೆ ಎಷ್ಟು ಹರಿಯಿತು ಅಂತ, ಅಳತೆ ಆಂಪಿಯರ್. ಒಂದು ಎಲೆಕ್ಟ್ರಾನಿನ ಚಾರ್ಜ್ ಎಷ್ಟು ಅನ್ನುವ ಅಂಕಿಯನ್ನು 2019ರ ಮೇ 20ರಿಂದ 1.602176634 × 10⁻¹⁹ ಕೂಲಾಂ ಅಂತ ಶಾಶ್ವತವಾಗಿ ಗೊತ್ತುಮಾಡಿ, ಆಂಪಿಯರನ್ನೇ ಅದರ ಮೇಲೆ ನಿಲ್ಲಿಸಿದ್ದಾರೆ.

ಮೊಬೈಲ್ ಬ್ಯಾಟರಿ ಮೇಲೆ 4000 ಮಿಲಿಆಂಪಿಯರ್-ಅವರ್ ಅಂತ ಬರೆದಿದ್ದರೆ ಅದೂ ಚಾರ್ಜ್‌ನ ಅಳತೆಯೇ. 4 ಆಂಪಿಯರ್, 3600 ಸೆಕೆಂಡು, ಗುಣಿಸಿದರೆ 14,400 ಕೂಲಾಂ. ಹಾಗಂತ ‘ಫುಲ್ ಚಾರ್ಜ್’ ಆದ ಮೊಬೈಲ್‌ನೊಳಗೆ ಎಲ್ಲಿಂದಲೋ ಬಂದ ಆವೇಶ ತುಂಬಿಕೊಂಡಿರುತ್ತದೆ ಅಂದುಕೊಳ್ಳಬೇಡಿ. ಇಡೀ ಬ್ಯಾಟರಿಯ ಲೆಕ್ಕ ಹಿಡಿದರೆ ಧನ, ಋಣ ಎರಡೂ ಸರಿಸಮ. ಒಳಗಿನ ಅಯಾನುಗಳು, ಅಂದರೆ ಆವೇಶ ಹೊತ್ತ ಕಣಗಳು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದು, ರಾಸಾಯನಿಕ ಶಕ್ತಿ ಕೂಡಿಕೊಂಡಿರುತ್ತದೆ ಅಷ್ಟೇ. ಅದಕ್ಕೇ ‘ಮೊಬೈಲ್ ಆವೇಶಗೊಂಡಿದೆ’ ಅಂತ ದಯವಿಟ್ಟು ಬರೆಯಬೇಡಿ. ‘ಚಾರ್ಜ್ ಆಗಿದೆ’ ಕನ್ನಡವೇ.

ಡಿಸ್‌ಚಾರ್ಜ್ ಹೆಸರು ಬಂತಲ್ಲ, ಅದನ್ನೂ ನೋಡಿಬಿಡೋಣ. ಹೊರೆ ಇಳಿಸೋದು ಅಂತ ಹಿಡಿದುಕೊಂಡರೆ ಅದರ ಎಲ್ಲ ಅರ್ಥಗಳೂ ಸಾಲಾಗಿ ನಿಲ್ಲುತ್ತವೆ. ಆಸ್ಪತ್ರೆಯಿಂದಾದರೆ ಬಿಡುಗಡೆ. ಸಾಲದ್ದಾದರೆ ತೀರುವಳಿ. ಅಣೆಕಟ್ಟಿನದ್ದಾದರೆ ಹೊರಹರಿವು. ಗಾಯದ್ದಾದರೆ ಸ್ರಾವ. ಒಂದು ಮಾತ್ರ ಮೊದಲ ನೋಟಕ್ಕೆ ತಲೆಕೆಳಗಾಗಿ ಕಾಣುತ್ತದೆ: ‘ಡಿಸ್‌ಚಾರ್ಜ್ ಆಫ್ ಡ್ಯೂಟೀಸ್’. ಕರ್ತವ್ಯ ಬಿಟ್ಟುಬಿಡೋದು ಅಂತ ಅನ್ನಿಸುತ್ತದೆ, ಆದರೆ ಅದು ಕರ್ತವ್ಯ ಮಾಡಿ ಮುಗಿಸೋದು. ಹೊತ್ತದ್ದನ್ನು ಮುಟ್ಟಬೇಕಾದ ಜಾಗಕ್ಕೆ ಮುಟ್ಟಿಸಿ ಇಳಿಸಿದ ಹಾಗೆ. ಕನ್ನಡದ ‘ಕರ್ತವ್ಯ ನಿರ್ವಹಣೆ’ ಇದಕ್ಕೆ ಹೇಳಿ ಮಾಡಿಸಿದ ಜೋಡಿ. ‘ನಿರ್ವಹಿಸು’ ಅನ್ನೋದರೊಳಗೂ ಅದೇ ‘ವಹ್’ ಇದೆ ನೋಡಿ, ಕೊನೆಯವರೆಗೂ ಹೊತ್ತೊಯ್ಯು ಅಂತ.

ಇನ್ನು ಅಪರೂಪಕ್ಕೆ ಸಿಗುವ ಕೆಲವು. ತೀರ್ಪಿಗೆ ಕೂತ ಜ್ಯೂರಿಗೆ ನ್ಯಾಯಾಧೀಶರು ಕೊಡುವ ಸೂಚನೆಯೂ ಚಾರ್ಜ್. ರಾಜಲಾಂಛನದ ಗುರಾಣಿಯ ಮೇಲೆ ಬಿಡಿಸಿದ ಸಿಂಹ, ಹೂವು ಇವೂ ಚಾರ್ಜ್. ನೀರಿನಡಿಯ ಸಬ್‌ಮರೀನ್ ಮೇಲೆ ಹಾಕುವ ಬಾಂಬು ‘ಡೆಪ್ತ್ ಚಾರ್ಜ್’. ‘ಎಮೋಶನಲ್ ಚಾರ್ಜ್’ ಬಂದರೆ ಆವೇಶ ಅಂತ ಆತುರಪಡಬೇಡಿ, ‘ಭಾವದ ತೀವ್ರತೆ’ ಅಂತ ಏನಾದರೂ ಹಗುರ ಮಾಡಿ. ‘ಚಾರ್ಜರ್’ ಅಂತ ಹಳೆಯ ಪುಸ್ತಕದಲ್ಲಿ ಕಂಡರೆ ಅದು ಯುದ್ಧದ ಕುದುರೆ ಇರಬಹುದು, ದೊಡ್ಡ ಹರಿವಾಣವೂ ಇರಬಹುದು. 1611ರ ಇಂಗ್ಲಿಷ್ ಬೈಬಲ್‌ನ ಮತ್ತಾಯನ ಪುಸ್ತಕದಲ್ಲಿ ಸ್ನಾನಿಕ ಯೋಹಾನನ ತಲೆಯನ್ನು ‘ಇನ್ ಎ ಚಾರ್ಜರ್’ ತಂದುಕೊಡಿ ಅಂತ ಕೇಳುತ್ತಾರೆ. ಹರಿವಾಣದಲ್ಲಿ ಅಂತ ಅರ್ಥ. ಇವತ್ತಿನ ಮಕ್ಕಳಿಗೆ ಅದನ್ನು ಓದಿ ಹೇಳುವ ಕಷ್ಟ ಊಹಿಸಿಕೊಳ್ಳಿ.

ಈಗ ನಿಮ್ಮ ವಾಕ್ಯ. ಮೂರು ಚಾರ್ಜ್, ಮೂರು ಹೊರೆ. ಮೊದಲನೆಯದು ಆಕೆ ನೋಡಿಕೊಳ್ಳುತ್ತಿದ್ದ ಮನುಷ್ಯರು. ಎರಡನೆಯದು ಪಕ್ಕದ ಮನೆಯವರು ಒಪ್ಪಿಕೊಂಡ ಜವಾಬ್ದಾರಿ. ಅಲ್ಲಿ ‘ದಿ’ ಇದೆ, ಹಾಗಾಗಿ ನೋಡಿಕೊಳ್ಳುವವರು ಪಕ್ಕದ ಮನೆಯವರು ಅನ್ನೋದರಲ್ಲಿ ಅನುಮಾನ ಬೇಡ. ಮೂರನೆಯದು ದುಡ್ಡು. ಕನ್ನಡದಲ್ಲಿ ಮೂರನ್ನೂ ಒಂದೇ ಉಸಿರಿಗೆ ಹೇಳಲು ಹೋಗಬೇಡಿ, ಎರಡು ವಾಕ್ಯ ಮಾಡಿ: ‘ದಾದಿ ತಾನು ನೋಡಿಕೊಳ್ಳುತ್ತಿದ್ದ ಮಕ್ಕಳನ್ನು ಪಕ್ಕದ ಮನೆಯವರ ಸುಪರ್ದಿಗೆ ಬಿಟ್ಟುಹೋದಳು. ಅವರು ಅದಕ್ಕೆ ದುಡ್ಡೇನೂ ತಗೊಳ್ಳಲಿಲ್ಲ.’ ‘ಮಕ್ಕಳು’ ಅಂತ ನಾನು ಬರೆದದ್ದು ಊಹೆ. ನರ್ಸ್ ಅಂದಮೇಲೆ ಅವರು ವಯಸ್ಸಾದ ರೋಗಿಗಳೂ ಇರಬಹುದು. ಇಂಗ್ಲಿಷ್ ಇದನ್ನು ಮುಚ್ಚಿಟ್ಟಿದೆ, ಕನ್ನಡಕ್ಕೆ ಮುಚ್ಚಿಡಲು ಕಷ್ಟ. ಹಿಂದಿನ ಒಂದೆರಡು ಪುಟ ತಿರುಗಿಸಿ ನೋಡಿ, ಅಲ್ಲೆಲ್ಲೋ ತೊಟ್ಟಿಲೋ ಊರುಗೋಲೋ ಸಿಕ್ಕೇ ಸಿಗುತ್ತದೆ.